ಹೆಜ್ಜೇನಿನ ಗುಡ್ಡದಿಂದ ಮೊದಲು ಇಳಿದವನು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ರುದ್ರಮುನಿಯ ಮನೆ ಯಾವುದು ಅಂತ ಕೇಳಿದರೆ ಜನ ಅವನ ಹೆಸರಿಗಿಂತ ಮೊದಲು ಅವನ ನಡಿಗೆಯನ್ನು ಹೇಳುತ್ತಿದ್ದರು. ದಿನಾ ಬೆಳಗ್ಗೆ ಐದಕ್ಕೆಲ್ಲ ಬಿಳೀ ಬೂಟು ಹಾಕಿಕೊಂಡು ಹೊರಡುತ್ತಾರಲ್ಲ, ಆ ಪಾತ್ರೆ ಅಂಗಡಿಯವರಾ ಅನ್ನುತ್ತಿದ್ದರು. ಅಂಗಡಿ ಮಂಡಿಪೇಟೆಯಲ್ಲಿ, ಅವನಪ್ಪ ಕೆಂಚವೀರಪ್ಪ ಇಟ್ಟದ್ದು. ಓದು ಮುಗಿಸಿದ ವರ್ಷವೇ ರುದ್ರಮುನಿ ಅಲ್ಲಿ ಕೂತವನು, ಹಂಡೆ, ಕೊಳಗ, ಮದುವೆ ಸಾಮಾನಿನ ನಡುವೆ ಇಪ್ಪತ್ತೈದು ವರ್ಷ ಕೂತೇ ಕಳೆದ. ನಲವತ್ತೊಂಬತ್ತಕ್ಕೆ ಶುಗರ್ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮಾತ್ರೆಗಿಂತ ಕಾಲೇ ಮುಖ್ಯ, ನಡೀರಿ ಅಂದರು.

ಬೇರೆಯವರಾಗಿದ್ದರೆ ಒಂದು ವಾರ ನಡೆದು ಕೈಬಿಡುತ್ತಿದ್ದರು. ರುದ್ರಮುನಿ ಹಿಡಿದದ್ದನ್ನು ಬಿಡುವ ಆಸಾಮಿ ಅಲ್ಲ. ಮೊದಲು ಪಾರ್ಕು ಸುತ್ತಿದ, ಆಮೇಲೆ ಬೈಪಾಸ್ ತನಕ ಹೋಗಿಬಂದ, ವರ್ಷ ತುಂಬುವುದರೊಳಗೆ ಅವನ ಹೊಟ್ಟೆ ಇಳಿದು ಹಳೇ ಪ್ಯಾಂಟುಗಳೆಲ್ಲ ಸಡಿಲಾದವು. ಅವನನ್ನು ನೋಡಿ ಅಕ್ಕಪಕ್ಕದವರೂ ಜೊತೆಗೂಡಿದರು. ಹೀಗೆ ಒಂದು ಭಾನುವಾರದ ಬಳಗ ಹುಟ್ಟಿತು. ಕೊಂಡಜ್ಜಿ ಕೆರೆ ಏರಿ, ಹರಿಹರದ ಹೊಳೆ ದಂಡೆ, ಸೂಳೆಕೆರೆ ಸುತ್ತಿನ ಗುಡ್ಡಗಳು, ಎಲ್ಲೆಲ್ಲಿ ಕಾಲು ಹಾಕಲು ಸರ್ಕಾರಿ ಜಾಗ ಇದೆಯೋ ಅಲ್ಲೆಲ್ಲ ಇವರ ಭಾನುವಾರ. ಮುಂದೆ ರುದ್ರಮುನಿ, ಹಿಂದೆ ಉಳಿದವರು. ಯಾರೋ ತಮಾಷೆಗೆ ಕ್ಯಾಪ್ಟನ್ ಅಂದರು, ಆ ಹೆಸರು ನಿಂತುಬಿಟ್ಟಿತು. ಅವನಿಗೂ ಅದು ಒಳಗೊಳಗೇ ರುಚಿಸಿತ್ತು.

ಅವನಲ್ಲಿ ಒಂದು ಗುಣ ಇತ್ತು. ತನಗಿಂತ ಸಣ್ಣ ಹುದ್ದೆಯವರು ಏನಾದರೂ ಹೇಳಿದರೆ ಅವನ ಕಿವಿಗೆ ಅದು ಹೋಗುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಡುತ್ತಾರೆ, ಬಂಡೆ ಮೇಲೆ ಇಳೀಬೇಡಿ ಅಂತ ಹೊಳೆ ದಂಡೆಯಲ್ಲಿ ಒಬ್ಬ ಮೀನುಗಾರ ಹೇಳಿದಾಗಲೂ ಇವನು ನಕ್ಕು ಇಳಿದಿದ್ದ. ಕಾಲು ಗಂಟೆ ಕೂತು, ಫೋಟೋ ತೆಗೆಸಿಕೊಂಡು ಹತ್ತಿ ಬಂದಿದ್ದ. ಏನೂ ಆಗಲಿಲ್ಲ. ಏನೂ ಆಗದೇ ಹೋದದ್ದನ್ನೇ ಅವನು ತನ್ನ ಧೈರ್ಯ ಅಂತ ತಿಳಿದುಕೊಂಡ.

ಹೋದ ವರ್ಷ ಶಿವರಾತ್ರಿ ಕಳೆದ ಮೊದಲ ಭಾನುವಾರ ಹದ್ದಿನಕಲ್ಲು ಗುಡ್ಡಕ್ಕೆ ಹೋಗುವುದು ಅಂತ ತೀರ್ಮಾನವಾಯಿತು. ಹರಿಹರ ತಾಲ್ಲೂಕಿನ ಕುರುಚಲು ಕಾಡಿನ ನಡುವೆ ನಿಂತ ದೊಡ್ಡ ಬಂಡೆಗುಡ್ಡ ಅದು, ಅರಣ್ಯ ಇಲಾಖೆಗೆ ಸೇರಿದ್ದು. ಒಟ್ಟು ಒಂಬತ್ತು ಜನ, ಎರಡು ಕಾರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನುಜತ್ ಮೇಡಂ ಇದ್ದರು, ವಿಮೆ ಏಜೆಂಟ್ ಬಕ್ಕೇಶ್ ಇದ್ದ, ಮತ್ತೆ ಬಡಾವಣೆಯವರೇ ಐದು ಮಂದಿ. ಆವತ್ತು ಅಪರೂಪಕ್ಕೆ ರುದ್ರಮುನಿಯ ಹೆಂಡತಿ ಕಸ್ತೂರಮ್ಮನೂ ಹೊರಟಳು. ಅವಳಿಗೆ ಮೊಣಕಾಲು ನೋವು. ಇಂಥ ಕಡೆ ಬರುತ್ತಿದ್ದವಳೇ ಅಲ್ಲ. ನುಜತ್ ಮೇಡಂ ಎರಡು ಸಲ ಮನೆಗೆ ಬಂದು, ನಿಧಾನ ನಡೆಯೋಣ ಬರ್ರಿ, ನಾನೂ ನಿಮ್ಮ ಜೊತೆಗೇ ಇರ್ತೀನಿ ಅಂತ ಒಪ್ಪಿಸಿದ್ದರು.

ಗುಡ್ಡದ ಕೆಳಗೆ ಗೇಟಿನ ಹತ್ತಿರ ಉಜ್ಜನಪ್ಪ ಎಂಬ ವಾಚರ್ ಇದ್ದ. ಸಾರಥಿ ಊರಿನವನು, ಅರವತ್ತರ ಹತ್ತಿರದ ಸಣಕಲು ಮನುಷ್ಯ, ದಿನಗೂಲಿ ಮೇಲೆ ಕಾಡು ಕಾಯುವವನು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲವಾದ್ದರಿಂದ ಹೆಗಲ ಮೇಲೆ ಕರೀ ಕಂಬಳಿ ಹೊದ್ದಿದ್ದ. ಪುಸ್ತಕದಲ್ಲಿ ಎಲ್ಲರ ಹೆಸರು ಬರೆಸಿಕೊಂಡು ಅವನು ರುದ್ರಮುನಿಯ ಕಡೆ ತಿರುಗಿದ.

"ಸಾವ್ಕಾರ್ರೆ, ಈ ದಿನದಾಗೆ ಬಂಡೆ ಬುಡಕ್ಕೆ ಹೋಗ್ಬ್ಯಾಡ್ರಿ. ಹನ್ನೊಂದು ಹುಟ್ಟು ಕಟ್ಟ್ಯಾವೆ, ಎಲ್ಲಾ ಹೆಜ್ಜೇನು. ಕೆಳಗೆ ಕೆರೆ ಕಡೆ ದಾರಿ ಐತೆ, ಅಲ್ಲಿ ಅಡ್ಡಾಡ್ಕಂಡು ಬರ್ರಿ. ಬೆಂಕಿಪೊಟ್ಟಣ ಏನಾರ ಐತೇನ್ರಿ?"

"ಇಲ್ಲಪ್ಪ. ನಾವು ಓದಿದ ಜನ, ನಮಗೆ ಗೊತ್ತಾಗಲ್ವ?" ಅಂದ ರುದ್ರಮುನಿ.

ಅವನ ಬೆನ್ನಿನ ಚೀಲದಲ್ಲಿ ಬೆಂಕಿಪೊಟ್ಟಣವೂ ಇತ್ತು, ಚಹಾ ಪಾತ್ರೆಯೂ ಇತ್ತು. ಬೆಟ್ಟದ ಮೇಲೆ ಮೂರು ಕಲ್ಲು ಹೂಡಿ, ಒಣಕಡ್ಡಿ ಉರಿಸಿ ಚಹಾ ಕಾಸುವುದು ಈ ಬಳಗದ ಹಳೇ ಖುಷಿ. ಉಜ್ಜನಪ್ಪ ಚೀಲ ಬಿಚ್ಚಿಸಲಿಲ್ಲ. ಇಂಥವರ ಚೀಲ ಬಿಚ್ಚಿಸಿದರೆ ಮೇಲಿನವರಿಗೆ ಫೋನು ಹೋಗುತ್ತದೆ ಅಂತ ಅವನಿಗೆ ಗೊತ್ತಿರಬೇಕು. ಸೆಂಟು ಗಿಂಟು ಬಳಿದುಕೊಂಡಿದ್ದರೆ ಹುಟ್ಟಿನ ಕಡೆ ಸುಳಿಯಬೇಡಿ ಅಂದ. ಒಂದು ವೇಳೆ ಹುಳ ಎದ್ದರೆ ಕೈ ಬೀಸಬೇಡಿ, ಮುಖ ತಲೆ ಮುಚ್ಚಿಕೊಂಡು ಬೇಗ ದೂರ ಹೋಗಿ, ಕಾಲು ಸಾಗದವರನ್ನು ಒಬ್ಬರಾದರೂ ಕೈಹಿಡಿದು ಕರಕೊಂಡು ಹೋಗಿ ಅಂತಲೂ ಹೇಳಿದ. ನುಜತ್ ಮೇಡಂ ನಿಂತು ಕೇಳಿದರು. ರುದ್ರಮುನಿ ಆಗಲೇ ಇಪ್ಪತ್ತು ಹೆಜ್ಜೆ ಮುಂದೆ ಹೋಗಿದ್ದ.

ಕೆರೆಯ ದಾರಿ ಅವನಿಗೆ ಸಪ್ಪೆ ಕಂಡಿತು. ಇಷ್ಟು ದೂರ ಬಂದು ಏರಿ ಮೇಲೆ ಅಡ್ಡಾಡಿ ಹೋಗುವುದಾ ಅಂತ ಎಲ್ಲರನ್ನೂ ಬಂಡೆಯ ಕಡೆಗೇ ತಿರುಗಿಸಿದ. ನುಜತ್ ಮೇಡಂ ಬೇಡ ಅಂದರು. ಅವರ ಮಾತನ್ನು ನಕ್ಕು ತೇಲಿಸಿದ. ಕಸ್ತೂರಮ್ಮ ಏದುಸಿರು ಬಿಡುತ್ತ ಬಂದಾಗ ಬಂಡೆಯ ಬುಡದ ನೆರಳು ತೋರಿಸಿ, ನೀನಿಲ್ಲೇ ಕೂಡು, ಇಲ್ಲೇ ಚಹಾ ಮಾಡೋಣ ಅಂತ ತಾನೇ ಟವೆಲ್ ಹಾಸಿ ಕೂರಿಸಿದ. ತಲೆಯ ಮೇಲೆ, ಎರಡು ತೆಂಗಿನಮರದೆತ್ತರದಲ್ಲಿ, ಬಂಡೆಯ ಅಂಚಿಗೆ ಕಪ್ಪಗೆ ಹುಟ್ಟುಗಳು ಜೋತಾಡುತ್ತಿದ್ದವು. ಅಷ್ಟು ಎತ್ತರಕ್ಕೆ ಈ ಸಣ್ಣ ಹೊಗೆ ಎಲ್ಲಿ ಹೋಗುತ್ತೆ ಅಂದ.

ಕಡ್ಡಿ ಗೀರಿದ್ದು ಅವನೇ. ಒಣಕಡ್ಡಿಯ ಜೊತೆ ಒಂದಿಷ್ಟು ಹಸಿ ಎಲೆಯೂ ಸೇರಿಕೊಂಡಿತು. ಗಾಳಿ ಇರಲಿಲ್ಲ. ಹೊಗೆ ಬಂಡೆಗೆ ಒರಗಿ ದಾರದ ಹಾಗೆ ನೆಟ್ಟಗೆ ಮೇಲೆ ಹೋಯಿತು. ಬಕ್ಕೇಶ್ ಹಾಲಿನ ಪಾಕೀಟು ಕತ್ತರಿಸುತ್ತಿದ್ದ. ಮೊದಲು ದೂರದಲ್ಲಿ ಲಾರಿ ಬಂದ ಹಾಗೆ ಒಂದು ಗುಂಯ್ ಸದ್ದು. ಎಲ್ಲರೂ ರಸ್ತೆಯ ಕಡೆ ನೋಡಿದರು. ಆಮೇಲೆ ಬಂಡೆಯ ಅಂಚಿನ ಕಪ್ಪು ಕಳಚಿಕೊಂಡು ಕೆಳಗೆ ಬಂತು.

ಮೊದಲ ಹುಳ ರುದ್ರಮುನಿಯ ಕಿವಿಗೆ ಕಚ್ಚಿತು, ಎರಡನೆಯದು ಕಣ್ಣಿನ ಮೇಲೆ. ಅವನು ಎದ್ದು ನಿಂತ. ಪಕ್ಕದಲ್ಲೇ ಕಸ್ತೂರಮ್ಮ ಏಳಲಾರದೆ, ಒಂದು ಕೈ ನೆಲಕ್ಕೆ ಊರಿ ಇನ್ನೊಂದು ಕೈಯನ್ನು ಅವನ ಕಡೆ ಚಾಚಿದಳು. "ರೀ, ಕೈ ಕೊಡ್ರಿ" ಅಂದಳು. ಅವನಿಗೆ ಆ ಕೈ ಕಂಡಿತು. ಹಸಿರು ಬಳೆ ಕಂಡಿತು. ಮಾತೂ ಕೇಳಿಸಿತು. ಕೇಳಿಸಲಿಲ್ಲ ಅಂತ ಮುಂದೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದ, ಆಗಲಿಲ್ಲ. ಚೆನ್ನಾಗಿ ಕೇಳಿಸಿತ್ತು. ಅವನು ತಿರುಗಿ ಓಡಿದ.

ಏಳು ವರ್ಷ ನಡೆದು ಗಟ್ಟಿ ಮಾಡಿಕೊಂಡ ಕಾಲುಗಳು ಅವನನ್ನು ಎಲ್ಲರಿಗಿಂತ ಮೊದಲು ಕೆಳಗೆ ಮುಟ್ಟಿಸಿದವು. ಮುಳ್ಳುಕಂಟಿಗೆ ಸಿಕ್ಕಿ ಪ್ಯಾಂಟು ಹರಿಯಿತು, ಒಂದು ಬೂಟು ಕಳಚಿತು. ಎದುರಿಗೆ ಉಜ್ಜನಪ್ಪ ಕಂಬಳಿ ಕೈಯಲ್ಲಿ ಹಿಡಿದು ಗುಡ್ಡ ಹತ್ತಿ ಓಡಿ ಬರುತ್ತಿದ್ದ. ಎಷ್ಟು ಜನ ಅದಾರೆ ಮೇಲೆ ಅಂತ ಅವನು ಕೇಳಿದ್ದಕ್ಕೂ ರುದ್ರಮುನಿ ನಿಲ್ಲಲಿಲ್ಲ. ಕಾರಿನೊಳಗೆ ಸೇರಿ ಗಾಜು ಏರಿಸಿ ಕೂತ. ಒಳಗೆ ಬಂದಿದ್ದ ಎರಡು ಹುಳ ಹೊಡೆದು ಕೊಂದ. ಫೋನು ಜೇಬಿನಲ್ಲೇ ಇತ್ತು. ಯಾರಿಗಾದರೂ ಮಾಡಬೇಕು ಅನ್ನುವುದು ಅವನ ತಲೆಗೆ ಹೊಳೆಯಲೇ ಇಲ್ಲ. ಹತ್ತು ಹದಿನೈದು ನಿಮಿಷ ಹಾಗೇ ಕೂತಿದ್ದು ಕಾರು ಚಾಲು ಮಾಡಿದ, ದಾವಣಗೆರೆ ರಸ್ತೆಯ ಕಡೆಗೆ ಹೊರಟ. ಆಮೇಲೆ ಜನ ಏನೇ ಅಂದಿರಲಿ, ಅವನಿಗೆ ಗೊತ್ತಿತ್ತು. ಅವನು ಸಹಾಯ ತರಲು ಹೊರಟವನಲ್ಲ. ಮನೆಗೆ ಹೊರಟವನು.

ಎರಡು ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಎದುರಿಗೆ ಆಂಬುಲೆನ್ಸ್ ಬಂತು. ನುಜತ್ ಮೇಡಂ ಪೊದೆಯೊಂದರ ಬುಡದಲ್ಲಿ ದುಪಟ್ಟಾ ಹೊದ್ದು ಬೋರಲು ಬಿದ್ದುಕೊಂಡೇ ಫೋನು ಮಾಡಿ ಕರೆಸಿದ್ದು ಅದು. ಡ್ರೈವರ್ ಗಾಡಿ ನಿಲ್ಲಿಸಿ, ಜೇನು ಎದ್ದಿರೋ ಗುಡ್ಡ ಯಾವ ಕಡೆ ಸರ್ ಅಂತ ಕೇಳಿದ. ರುದ್ರಮುನಿ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕಾರು ತಿರುಗಿಸಿ ಮುಂದೆ ದಾರಿ ತೋರಿಸಿಕೊಂಡು ಹೋದ.

ಗೇಟಿನ ಹತ್ತಿರ ಆಗಲೇ ಜನ ಸೇರಿದ್ದರು. ಹುಳಗಳ ಅಬ್ಬರ ಇಳಿದಿತ್ತು. ಕೊಕ್ಕನೂರಿನ ಕಡೆಯಿಂದ ಹೊಲಕ್ಕೆ ಬಂದಿದ್ದ ನಾಲ್ಕು ಆಳುಗಳು ಮೈತುಂಬ ಗೋಣಿ ಹೊದ್ದು ಹೋಗಿ ಕಸ್ತೂರಮ್ಮನನ್ನೂ ಉಜ್ಜನಪ್ಪನನ್ನೂ ಕೆಳಗೆ ಹೊತ್ತು ತಂದಿದ್ದರು. ಉಜ್ಜನಪ್ಪ ತನ್ನ ಕಂಬಳಿಯನ್ನು ಅವಳಿಗೆ ಪೂರ್ತಿ ಮುಚ್ಚಿ, ಅಂಚುಗಳನ್ನು ತನ್ನ ಮೈಯಿಂದ ಒತ್ತಿಹಿಡಿದು ಮೇಲೆ ಮಲಗಿಬಿಟ್ಟಿದ್ದನಂತೆ. ಅವಳಿಗೆ ಬಿದ್ದದ್ದು ಹದಿನೈದಿಪ್ಪತ್ತು ಮುಳ್ಳು. ಅವನ ಬೆನ್ನು, ಕುತ್ತಿಗೆ, ತಲೆಯಲ್ಲಿ ಎಣಿಸಲು ಬರದಷ್ಟು. ನುಜತ್ ಮೇಡಂ ತಮ್ಮ ಮುಖ ಊದಿದ್ದರೂ ಬಸ್ ಪಾಸಿನ ಅಂಚಿನಿಂದ ಅವನ ಕತ್ತಿನ ಮುಳ್ಳುಗಳನ್ನು ಕೆರೆದು ಕೆರೆದು ತೆಗೆಯುತ್ತಿದ್ದರು.

ಆಂಬುಲೆನ್ಸಿನ ಮುಂದೆ ರುದ್ರಮುನಿಯ ಕಾರು ಕಂಡದ್ದೇ ಬಕ್ಕೇಶ್, "ನೋಡ್ರಿ, ಕ್ಯಾಪ್ಟನ್ರು ಗಾಡಿ ಕರ್ಕಂಡು ಬಂದ್ರು" ಅಂದ. ಸ್ಟ್ರೆಚರಿನ ಮೇಲಿದ್ದ ಕಸ್ತೂರಮ್ಮ ಊದಿದ ರೆಪ್ಪೆಯ ಸಂದಿಯಿಂದ ಗಂಡನನ್ನು ನೋಡಿದಳು. ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು. "ಹೌದು, ಅದಕ್ಕೇ ಓಡಿದ್ರು" ಅಂದಳು. ರುದ್ರಮುನಿ ಬಾಯಿ ಬಿಡಲಿಲ್ಲ.

ಎಲ್ಲರಿಗೂ ಒಂದೊಂದು ಕಡೆ ಮುಳ್ಳು ಬಿದ್ದಿದ್ದರೂ ಮಿಕ್ಕವರೆಲ್ಲ ಸಂಜೆಗೆ ಮನೆ ಸೇರಿದರು. ಕಸ್ತೂರಮ್ಮ ಮೂರನೇ ದಿನ ಬಂದಳು. ಉಜ್ಜನಪ್ಪನನ್ನು ಹರಿಹರದಿಂದ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ವಿಷಕ್ಕೆ ಅವನ ಕಿಡ್ನಿ ಕೆಲಸ ನಿಲ್ಲಿಸಿತ್ತು. ಡಯಾಲಿಸಿಸ್ ಮಾಡುತ್ತ ಹದಿಮೂರು ದಿನ ಇಟ್ಟುಕೊಂಡರು. ಆ ದಿನಗಳಲ್ಲೇ ಇಲಾಖೆಯ ಒಬ್ಬ ಗಾರ್ಡ್ ಕಾಗದ ಹಿಡಿದು ಆಸ್ಪತ್ರೆಗೆ ಬಂದು, ಬೆಂಕಿ ಹಾಕಿದ್ದು ಯಾರು ಅಂತ ವಿಚಾರಿಸಿದ. ಕಾಯ್ದಿಟ್ಟ ಕಾಡಿನಲ್ಲಿ ಬೆಂಕಿ ಹಾಕುವುದು ಕೇಸಾಗುವ ವಿಷಯ. ಕಾರಿಡಾರಿನಲ್ಲಿ ಬಳಗದ ನಾಲ್ವರು ನಿಂತಿದ್ದರು.

"ನಾವು ಹೋಗೋ ಹೊತ್ತಿಗೇ ಅಲ್ಲಿ ಹೊಗೆ ಇತ್ತು" ಅಂದ ರುದ್ರಮುನಿ. "ಜೇನು ಕೀಳೋರು ಯಾರೋ ಇರ್ಬೇಕು."

ಬಕ್ಕೇಶ್ ಗೋಡೆಯ ಕಡೆ ನೋಡಿದ. ಇನ್ನಿಬ್ಬರು ತಲೆ ತಗ್ಗಿಸಿದರು. ಅವರೂ ಒಲೆಗೆ ಒಣಕಡ್ಡಿ ಆರಿಸಿಕೊಟ್ಟವರೇ. ನುಜತ್ ಮೇಡಂ ಆವತ್ತು ಅಲ್ಲಿರಲಿಲ್ಲ, ಮನೆಯಲ್ಲಿ ಜ್ವರ ಹಿಡಿದು ಮಲಗಿದ್ದರು. ಗಾರ್ಡ್ ಬರೆದುಕೊಂಡು ಹೋದ.

ಗೇಟಿನಲ್ಲಿ ಹೇಳಿದ ಮೊದಲ ಸುಳ್ಳು ಬಾಯಿಗೆ ಬಂದಷ್ಟು ಸಲೀಸಾಗಿ ಈ ಸುಳ್ಳೂ ಬಂದಿತ್ತು. ಅದನ್ನು ಹೊತ್ತು ತಿರುಗುವುದು ಮಾತ್ರ ಸಲೀಸಾಗಲಿಲ್ಲ. ಹರಿಹರಕ್ಕೆ ಕೊಟ್ಟ ಮಗಳು ತನುಶ್ರೀ ಅಲ್ಲೊಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಅವಳು ಅಪ್ಪನ ಫೋಟೋ ಸ್ಟೇಟಸ್ಸಿಗೆ ಹಾಕಿ, ಮೈತುಂಬ ಜೇನು ಕಚ್ಚಿಸಿಕೊಂಡೂ ಎಂಟು ಜನರನ್ನು ಉಳಿಸಿದ ನಮ್ಮಪ್ಪಾಜಿ ಅಂತ ಬರೆದಳು. ಅಂಗಡಿಗೆ ಬಂದ ಗಿರಾಕಿಗಳು ಕಿವಿಯ ಮೇಲಿನ ಗಾಯ ತೋರಿಸಿ ಅಂದರು. ಅವನು ತೋರಿಸಿದ. ಎರಡೇ ಎರಡು ಗಾಯ ಇದ್ದವು, ಅದೂ ಬೇಗ ಮಾಯುತ್ತಿದ್ದವು. ಮಾಯುತ್ತಿವೆಯಲ್ಲ ಅಂತ ಅವನಿಗೆ ಒಂದು ಥರದ ಗಾಬರಿಯಾಗುತ್ತಿತ್ತು.

ಹದಿನೈದು ದಿನಕ್ಕೆ ಬಡಾವಣೆಯ ಪಾರ್ಕಿನಲ್ಲಿ ಒಂದು ಸಣ್ಣ ಸನ್ಮಾನ ಇಟ್ಟುಕೊಂಡರು. ಬೇಡ ಅನ್ನಲು ಅವನು ಎರಡು ಸಲ ಬಾಯಿ ತೆರೆದ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಕಸ್ತೂರಮ್ಮ ಕಾಲು ನೋವು ಅಂತ ಮನೆಯಲ್ಲೇ ಉಳಿದಳು. ಶಾಲು ಹೊದಿಸಿದರು, ಫಲ ಕೊಟ್ಟರು, ಬಕ್ಕೇಶ್ ನಾಲ್ಕು ಮಾತಾಡಿ ಗುಡ್ಡದ ಮೇಲಿನ ಸಂಗತಿಯನ್ನು ಬೇಗ ಬೇಗ ದಾಟಿಸಿದ. ಹಿಂದಿನ ಸಾಲಿನಲ್ಲಿ ನುಜತ್ ಮೇಡಂ ಕೈ ಕಟ್ಟಿಕೊಂಡು ಕೂತಿದ್ದರು, ಚಪ್ಪಾಳೆ ತಟ್ಟಲಿಲ್ಲ. ರುದ್ರಮುನಿ ಶಾಲಿನೊಳಗೆ ಬೆವತ. ಮನೆಗೆ ಬಂದು ಅದನ್ನು ಬೀರುವಿನೊಳಗಿಡುವುದನ್ನು ಕಸ್ತೂರಮ್ಮ ನೋಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅವನ ಜೊತೆ ಊಟ, ಹಾಲು, ಗ್ಯಾಸು ಇಷ್ಟರ ಮಟ್ಟಿಗೆ ಮಾತ್ರ ಮಾತಾಡುತ್ತಿದ್ದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಉಸಿರಾಡುವುದಾದರೂ ಹಗುರಾಗುತ್ತಿತ್ತು.

ಅವನು ಬೆಳಗಿನ ನಡಿಗೆ ಬಿಟ್ಟ. ಸಕ್ಕರೆ ಏರಿತು. ಉಜ್ಜನಪ್ಪ ಊರಿಗೆ ಹೋದ ಅಂತ ಯಾರೋ ಹೇಳಿದಾಗ, ಹೋಗಿ ನೋಡಿಬರಬೇಕು ಅಂದುಕೊಂಡ, ಮುಂದಿನ ವಾರ ಅಂದುಕೊಂಡ. ಎರಡು ಮುಂದಿನ ವಾರಗಳು ಕಳೆದವು.

ಒಂದು ಮಂಗಳವಾರ ಅವನು ಮಧ್ಯಾಹ್ನ ಊಟಕ್ಕೆ ಬಂದಾಗ ಮನೆಗೆ ಬೀಗ ಇತ್ತು. ಕಸ್ತೂರಮ್ಮ ಬಂದದ್ದು ನಾಲ್ಕು ಗಂಟೆಗೆ. ಹರಿಹರದ ತನಕ ಬಸ್ಸು, ಅಲ್ಲಿಂದ ಆಟೋ, ಹೀಗೆ ಒಬ್ಬಳೇ ಸಾರಥಿಗೆ ಹೋಗಿ ಬಂದಿದ್ದಳು. ಚಪ್ಪಲಿ ಬಿಟ್ಟು, ಮೊಣಕಾಲು ನೀವಿಕೊಳ್ಳುತ್ತ ಪಡಸಾಲೆಯಲ್ಲಿ ಕೂತಳು.

"ಉಜ್ಜನಪ್ಪನ್ನ ಕೆಲ್ಸದಿಂದ ಬಿಡ್ಸ್ಯಾರೆ" ಅಂದಳು. "ಹುಟ್ಟಿನ ಕೆಳಗೆ ಯಾರೋ ಬೆಂಕಿ ಹಾಕೋವರ್ಗೂ ನೀನೇನು ಕಾಯ್ತಿದ್ದೆ ಅಂತ."

ರುದ್ರಮುನಿ ಎದ್ದು ಬಾಗಿಲು ಮುಂದೆ ಮಾಡಿದ. "ನೀನೇನಾದ್ರೂ ಹೇಳಿದ್ಯಾ ಅವ್ನಿಗೆ?"

"ಅವ್ನಿಗೆ ಹೇಳೋದೇನೈತ್ರಿ? ಒಲೆ ಹೂಡಿದ ಕಲ್ಲು ಅವ್ನೂ ನೋಡ್ಯಾನೆ. ದೊಡ್ಡೋರ ಮೇಲೆ ಹೆಂಗ್ ಹೇಳ್ಲಿ ಅಂತ ಸುಮ್ನಿದಾನೆ. ಆಫೀಸ್ನಾಗೆ ಹೇಳ್ಬೇಕಾಗಿರೋದು. ಅದು ನಾನು ಹೇಳೋದಲ್ಲ."

ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಅವನು ಕೇಳಿದ. "ಆವತ್ತು ಗೇಟಿನ ಹತ್ರ, ಅಷ್ಟು ಜನ್ರ ಮುಂದೆ, ಯಾಕ ಹಂಗಂದೆ?"

ಕಸ್ತೂರಮ್ಮ ಮೊಣಕಾಲು ನೀವುವುದನ್ನು ನಿಲ್ಲಿಸಿದಳು. "ನಿಮ್ಮ ಮುಖ ನೋಡಿದೆ. ನೋಡಾಕಾಗ್ಲಿಲ್ಲ. ಬಾಯಿಗೆ ಅದು ಬಂತು, ಅಂದೆ. ಮನೆಗೆ ಬಂದ್ಮೇಲೆ ಒಂದಿನ ನೀವೇ ಬಾಯಿ ಬಿಡ್ತೀರಿ ಅಂತಿದ್ದೆ. ನೀವು ಶಾಲು ಹೊದ್ಕಂಡು ಬಂದ್ರಿ."

ಅವಳು ಎದ್ದು ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ಮುಖಕ್ಕೆ ಹೊಡೆಸಿಕೊಂಡವನ ಹಾಗೆ ರುದ್ರಮುನಿ ಅಲ್ಲೇ ಕೂತ. ಅವಳು ಕೈ ಚಾಚಿದಾಗ ಓಡಿದ್ದು ಒಂದು ಗಳಿಗೆಯ ಮಾತು, ಭಯದ ಕೆಲಸ ಅಂತ ಅವನು ಎಲ್ಲೋ ಒಂದು ಮೂಲೆಯಲ್ಲಿ ತನ್ನನ್ನು ಮನ್ನಿಸಿಕೊಂಡಿದ್ದ. ಆದರೆ ಆಮೇಲಿನ ಐದು ವಾರ? ಅಲ್ಲಿ ಯಾವ ಹುಳವೂ ಇರಲಿಲ್ಲ. ದಿನಾ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಕ್ಕೆ ಕೈ ಮುಗಿದು, ಆ ಸುಳ್ಳನ್ನೇ ಅಂಗಿಯ ಹಾಗೆ ಹಾಕಿಕೊಂಡು ಅಂಗಡಿಗೆ ಹೋಗಿದ್ದ.

ಮಾರನೇ ದಿನ ಅಂಗಡಿಯ ಬಾಗಿಲು ತೆಗೆಯದೆ ಅರಣ್ಯ ಕಚೇರಿಗೆ ಹೋದ. ದೊಡ್ಡ ಪ್ರಾಯಶ್ಚಿತ್ತದ ಗಳಿಗೆ ಅಂತ ಅವನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅಲ್ಲಿ ಯಾರಿಗೂ ಅಷ್ಟು ಪುರುಸೊತ್ತಿರಲಿಲ್ಲ. ಸಾಹೇಬರು ಬರುವವರೆಗೆ ಬೆಂಚಿನ ಮೇಲೆ ಕೂತ. ಅವರು ಬಂದು, ಕೇಳಿ, ಹೀಗೇ ಬರೆದುಕೊಡ್ರಿ ಅಂತ ಒಂದು ಬಿಳೀ ಹಾಳೆ ಮುಂದಿಟ್ಟರು. ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ಕಷ್ಟವಾಯಿತು. ಮೊದಲು, ನಮ್ಮ ತಂಡದಿಂದ ಬೆಂಕಿ ಹಾಕಲಾಯಿತು ಅಂತ ಬರೆದ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಹಾಕಲಾಯಿತು ಅಂದ್ರೆ? ಯಾರು ಹಾಕಿದ್ದು?" ಅಂದರು. ಅದನ್ನು ಹೊಡೆದು ಹಾಕಿ ಹೊಸದಾಗಿ ಬರೆದ. ಬೆಂಕಿಪೊಟ್ಟಣ ಇಲ್ಲವೆಂದು ವಾಚರ್‌ಗೆ ನಾನು ಸುಳ್ಳು ಹೇಳಿದೆ. ಬೇಡವೆಂದರೂ ಜನರನ್ನು ಬಂಡೆಯ ಬುಡಕ್ಕೆ ನಾನೇ ಕರೆದುಕೊಂಡು ಹೋದೆ. ಬೆಂಕಿ ನಾನೇ ಹಾಕಿದೆ. ಉಜ್ಜನಪ್ಪನವರದು ಏನೂ ತಪ್ಪಿಲ್ಲ. ಕೆಳಗೆ ಸಹಿ ಹಾಕಿದ. ಕೇಸು ಆಯಿತು, ದಂಡ ಕಟ್ಟಿದ. ಅದು ಅವನಿಗೆ ತಟ್ಟಲೇ ಇಲ್ಲ. ಬೈಗುಳ ಬೀಳಲಿಲ್ಲವಲ್ಲ, ಅದು ತಟ್ಟಿತು.

ಅಲ್ಲಿಂದ ನೇರ ಸಾರಥಿಗೆ ಹೋದ. ಉಜ್ಜನಪ್ಪನ ಹೆಂಡತಿ ಉಡಚಮ್ಮ ಅಂಗಳದಲ್ಲಿ ಕಡಲೆ ಕೇರುತ್ತಿದ್ದಳು. ಅವನ ಗುರುತು ಹತ್ತಿ ಸೆರಗು ಸರಿಮಾಡಿಕೊಂಡು, "ಅಕ್ಕಾರು ಹೆಂಗದಾರ್ರಿ?" ಅಂತ ಕಸ್ತೂರಮ್ಮನನ್ನೇ ಮೊದಲು ವಿಚಾರಿಸಿದಳು. ಉಜ್ಜನಪ್ಪ ಒಳಗೆ ಮಂಚದ ಮೇಲೆ ಗೋಡೆಗೆ ಒರಗಿದ್ದ. ಮುಖ ಬಿಳಿಚಿತ್ತು, ಕಾಲು ಇನ್ನೂ ಊದಿದ್ದವು. ಏಳಲು ಹೋದವನನ್ನು ರುದ್ರಮುನಿ ಬೇಡ ಬೇಡ ಅಂತ ತಡೆದ. ಕುರ್ಚಿ ತಂದರೂ ಅದರ ಮೇಲೆ ಕೂರಲಾರದೆ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತ. ಕಚೇರಿಯಲ್ಲಿ ಬರೆದುಕೊಟ್ಟದ್ದನ್ನೆಲ್ಲ ಹೇಳಿದ. ಅಲ್ಲಿ ಬರೆಯದೇ ಇದ್ದದ್ದನ್ನೂ ಹೇಳಿದ, ಹೆಂಡತಿ ಕೈ ಚಾಚಿದ್ದು, ತಾನು ಕಂಡೂ ಓಡಿದ್ದು, ಕಾರು ಮನೆಯ ಕಡೆಗೆ ಬಿಟ್ಟದ್ದು.

ಉಜ್ಜನಪ್ಪ ಛಾವಣಿ ನೋಡುತ್ತ ಕೇಳಿದ.

"ಓಡಿದ್ದಕ್ಕೆ ನಾನೇನೂ ಅನ್ನಂಗಿಲ್ರಿ" ಅಂದ ಕೊನೆಗೆ. "ನಾನೂ ಸಣ್ಣೋನಿದ್ದಾಗ ಕರಡಿ ಕಂಡು ನಮ್ಮಣ್ಣನ್ನ ಬಿಟ್ಟು ಓಡೀನಿ. ಹೆದ್ರಿದಾಗ ಕಾಲು ಹೇಳ್ದಂಗೆ ಕೇಳಲ್ಲ. ಆದ್ರೆ ಗೇಟಿನ ಹತ್ರ ಬೆಂಕಿಪೊಟ್ಟಣ ಇಲ್ಲ ಅಂದ್ರಲ್ಲ ಸಾವ್ಕಾರ್ರೆ, ಆಗ ನೀವು ಹೆದ್ರಿರ್ಲಿಲ್ಲ."

ರುದ್ರಮುನಿ ತಪ್ಪಾಯಿತು ಅಂತ ಕೈಮುಗಿದ. ಉಜ್ಜನಪ್ಪ ಆಗಲಿ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಚಹಾ ಕುಡಿದು ಹೋಗಿ ಅಂದ. ಉಡಚಮ್ಮ ತಂದುಕೊಟ್ಟ ಚಹಾವನ್ನು ಅವನು ನೆಲದ ಮೇಲೆ ಕೂತೇ ಕುಡಿದ.

ಉಜ್ಜನಪ್ಪನನ್ನು ಮುಂದೆ ಮಳೆ ಶುರುವಾಗುವ ಹೊತ್ತಿಗೆ ಮತ್ತೆ ಕೆಲಸಕ್ಕೆ ಕರೆದರು. ಆದರೆ ಗುಡ್ಡ ಹತ್ತುವ ಶಕ್ತಿ ಅವನಿಗೆ ವಾಪಸು ಬರಲಿಲ್ಲ. ಗೇಟಿನಲ್ಲಿ ಕೂತು ಹೆಸರು ಬರೆದುಕೊಳ್ಳುವುದಷ್ಟೇ ಈಗ ಅವನ ಪಾಲಿನ ಕೆಲಸ.

ಸಾರಥಿಯಿಂದ ಬಂದ ವಾರವೇ ರುದ್ರಮುನಿ ಬಳಗದವರನ್ನು ಪಾರ್ಕಿಗೆ ಕರೆದ. ಅವನು ಮಾತು ಶುರು ಮಾಡುತ್ತಿದ್ದಂತೆ ಬಕ್ಕೇಶ್, ಬಿಡ್ರಿ, ಆದದ್ದು ಆಗಿಹೋಯ್ತು ಅಂತ ನಡುವೆ ಬಾಯಿ ಹಾಕಿದ. ರುದ್ರಮುನಿ ಬಿಡಲಿಲ್ಲ, ಪೂರ್ತಿ ಹೇಳಿದ. ಕೆಲವರು ಅಯ್ಯೋ ಅಂದರು. ಒಬ್ಬರು ಎದ್ದು ಹೋದರು. ನುಜತ್ ಮೇಡಂ ಮಾತ್ರ, "ನನಗೆ ಆವತ್ತೇ ಗೊತ್ತಿತ್ತು ರುದ್ರಮುನಿಯವ್ರೆ. ನೀವು ಓಡೋದು ನಾನು ಪೊದೆ ಸಂದಿನಿಂದ ನೋಡಿದೆ. ನಾನೂ ಬಾಯಿ ಬಿಡ್ಲಿಲ್ಲ, ಅದು ನನ್ನ ತಪ್ಪು" ಅಂದರು. ತಾನು ಮುಚ್ಚಿಟ್ಟಿದ್ದೇನೆ ಅಂದುಕೊಂಡದ್ದನ್ನು ಇವರೂ ಕಂಡಿದ್ದರು, ಕಂಡವರೇ ಸನ್ಮಾನದ ದಿನ ಹಿಂದಿನ ಸಾಲಿನಲ್ಲಿ ಕೂತಿದ್ದರು. ಇದು ಗೊತ್ತಾದ ಗಳಿಗೆ ಅವನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಈಗ ಬಳಗವನ್ನು ನಡೆಸುವವರು ನುಜತ್ ಮೇಡಂ. ಹೊರಡುವ ಹಿಂದಿನ ದಿನ ಆಯಾ ಜಾಗದ ವಾಚರ್‌ಗೆ ಫೋನು ಮಾಡಿ ದಾರಿ ಕೇಳುತ್ತಾರೆ, ನಡೆಯುವಾಗ ಎಲ್ಲರಿಗಿಂತ ನಿಧಾನ ಇರುವವರನ್ನು ಮುಂದೆ ಬಿಡುತ್ತಾರೆ. ಯಾರೂ ಬರಬೇಡಿ ಅನ್ನದಿದ್ದರೂ ರುದ್ರಮುನಿ ತಿಂಗಳುಗಟ್ಟಲೆ ಅತ್ತ ಹೋಗಲಿಲ್ಲ.

ಇನ್ನು ಉಳಿದದ್ದು ಮಗಳು. ಅವಳಿಗೆ ಹೇಳುವುದೇ ಎಲ್ಲಕ್ಕಿಂತ ಕಠಿಣವಾಗಿತ್ತು. ಫೋನಿನಲ್ಲಿ ಹೇಳೋಣ ಅಂದುಕೊಂಡವನನ್ನು ಕಸ್ತೂರಮ್ಮ, ಎದುರಿಗೆ ಹೋಗಿ ಹೇಳ್ರಿ, ನಾನೂ ಬರ್ತೀನಿ ಅಂದಳು. ಒಂದು ಭಾನುವಾರ ಇಬ್ಬರೂ ಹರಿಹರಕ್ಕೆ ಹೋದರು. ಅಳಿಯ ಎಲ್ಲೋ ಹೊರಗೆ ಹೋಗಿದ್ದ. ತನುಶ್ರೀ ಅಪ್ಪನಿಗೆ ಇಷ್ಟ ಅಂತ ಹೆಸರುಬೇಳೆ ಪಾಯಸ, ಸಕ್ಕರೆ ಕಡಿಮೆ ಹಾಕಿ ಮಾಡಿದ್ದಳು. ಕೂತ ಕೂಡಲೇ ಅವನು ಹೇಳಿದ. ತಡ ಮಾಡಿದರೆ ಮತ್ತೆ ಹೇಳಲಾರೆ ಅಂತ ಗೊತ್ತಿತ್ತು.

ಅವಳು ಸೌಟು ಕೈಯಲ್ಲಿ ಹಿಡಿದೇ ಕೇಳಿದಳು. ಅಳಲಿಲ್ಲ, ಕೂಗಾಡಲಿಲ್ಲ.

"ಅವ್ವಗೆ ಗೊತ್ತಾ?"

"ಗೊತ್ತು."

"ಮೊದ್ಲಿಂದ?"

"ಮೊದ್ಲಿಂದ."

ಅವಳು ಅವ್ವನ ಕಡೆ ನೋಡಿದಳು. ಕಸ್ತೂರಮ್ಮ ಕಿಟಕಿಯ ಹತ್ತಿರ ಕೂತು ರಸ್ತೆ ನೋಡುತ್ತಿದ್ದಳು. ತನುಶ್ರೀ ಮೂವರಿಗೂ ಬಡಿಸಿದಳು. ಉಂಡರು. ಎಲೆ ಎತ್ತಿದ ಮೇಲೆ ಅವಳು ಅಪ್ಪನ ಮುಖ ನೋಡದೆ, "ಅವ್ವ ಇಲ್ಲೇ ನಾಕು ದಿನ ಇರ್ಲಿ ಅಪ್ಪಾಜಿ. ನೀವು ಹೋಗ್ರಿ" ಅಂದಳು.

ಅವನು ಹೋದ. ಆ ನಾಲ್ಕು ದಿನ ಅಂಗಡಿಯಿಂದ ಬಂದು ತಾನೇ ಅನ್ನಕ್ಕಿಟ್ಟುಕೊಂಡ, ಬೆಂದದ್ದಿಷ್ಟು ಬೇಯದ್ದಿಷ್ಟು ಉಂಡ. ಅವಳು ಬರದಿದ್ದರೆ ಅನ್ನುವ ಯೋಚನೆ ಬಂದಾಗ, ಬಾ ಅನ್ನಲು ತನಗೆ ಯಾವ ಬಾಯಿದೆ ಅಂತಲೂ ಅನ್ನಿಸಿತು. ಹಾಗಾಗಿ ಫೋನು ಮಾಡಲಿಲ್ಲ. ಐದನೇ ದಿನ ಸಂಜೆ ಕಸ್ತೂರಮ್ಮ ಬಸ್ಸಿಳಿದು ಒಬ್ಬಳೇ ನಡೆದು ಬಂದಳು. ಬಾಗಿಲು ತೆಗೆದವನು ಅವಳ ಕೈಯಿಂದ ಚೀಲ ಇಸಿದುಕೊಂಡ. ಮೆಟ್ಟಿಲು ಹತ್ತಲು ಅವಳು ಗೋಡೆ ಹಿಡಿದುಕೊಂಡಳು.

"ಉಂಡ್ರಾ?" ಅಂದಳು.

"ಇಲ್ಲ" ಅಂದ.

ಅವಳು ಕೈಕಾಲು ತೊಳೆದು ಒಲೆ ಹಚ್ಚಲು ಹೋದಳು. ಅವನು ಹಿಂದೆಯೇ ಹೋಗಿ, ಏನು ಮಾಡಬೇಕೋ ತಿಳಿಯದೆ, ಈರುಳ್ಳಿ ಬುಟ್ಟಿ ಮುಂದಿಟ್ಟುಕೊಂಡು ಸುಲಿಯುತ್ತ ಕೂತ.